ಬುಲ್ ರನ್ ಮೊದಲಂತೆ, ಸಮ್ಟರ್ ಆಮೇಲಂತೆ!

ಮಾನ್ಯರೇ,

ಉಪನ್ಯಾಸಕರ ನೇಮಕಾತಿ ಪರೀಕ್ಷೆಯ ಅಂತಿಮ ಕೀ ಉತ್ತರದ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿ ಓದಿ ಮೈ ಉರಿಯಿತು. ಆಕ್ಷೇಪಣೆಗಳನ್ನೆಲ್ಲ ತಜ್ಞರು ಕೂಲಂಕಷವಾಗಿ ನೋಡಿ ತಳ್ಳಿಹಾಕಿದ್ದಾರಂತೆ. ಆ ತಜ್ಞರು ಎಲ್ಲಿದ್ದಾರೆ ಹೇಳಿ, ಹೋಗಿ ಅಡ್ಡಬಿದ್ದು ಬರುತ್ತೇನೆ.

ಅಮೆರಿಕದ ಅಂತರ್ಯುದ್ಧದ ಆರಂಭದ ಕಾಳಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಎಂಬ ಇತಿಹಾಸದ ಪ್ರಶ್ನೆಗೆ ಇವರ ಪ್ರಕಾರ ವರ್ಜೀನಿಯಾ ರಾಜ್ಯದ ಬುಲ್ ರನ್ ಕಾಳಗ ಮೊದಲು, ಸಮ್ಟರ್ ಕೋಟೆ ಆಮೇಲೆ! ಚಾರ್ಲ್ಸ್‌ಟನ್ ಬಂದರಿನ ಆ ಕೋಟೆಯ ಮೇಲೆ ಒಕ್ಕೂಟದಿಂದ ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳವರು ಗುಂಡು ಹಾರಿಸಿದ್ದು 1861ರ ಏಪ್ರಿಲ್ 12ರ ನಸುಕಿನಲ್ಲಿ. ಅದಾದ ಮೇಲೆಯೇ ಅಧ್ಯಕ್ಷ ಲಿಂಕನ್ 75 ಸಾವಿರ ಜನರ ಪಡೆಗೆ ಕರೆ ಕೊಟ್ಟದ್ದು. ಮೂರು ತಿಂಗಳ ಕರಾರಿನ ಆ ಜನ (ನಮ್ಮ ಅತಿಥಿ ಉಪನ್ಯಾಸಕರ ಗತಿಯೇ) ಉತ್ತರದ ಸೇನಾನಿ ಮೆಕ್‌ಡೊವೆಲ್ ಕೈಕೆಳಗೆ ಜುಲೈ 21ರಂದು ಬುಲ್ ರನ್‌ನಲ್ಲಿ ಸೋತು, ಯುದ್ಧ ನೋಡಲು ಬುತ್ತಿ ಕಟ್ಟಿಕೊಂಡು ಬಂದಿದ್ದ ವಾಷಿಂಗ್ಟನ್ನಿನ ದೊಡ್ಡ ಮನುಷ್ಯರ ಗಾಡಿಗಳ ನಡುವೆ ನುಸುಳಿ ಓಡಿದರು. ಕೋಟೆಗೆ ಗುಂಡು ಬೀಳದೆ ಪಡೆ ಎಲ್ಲಿಂದ ಬರಬೇಕು? ಮಗನ ನಾಮಕರಣ ಮೊದಲು, ಅಪ್ಪನ ಮದುವೆ ಆಮೇಲೆ.

ಇನ್ನೊಂದು ಕೇಳಿ. ನ್ಯೂ ಆರ್ಲಿಯನ್ಸ್ ಹಿಡಿದ ನೌಕಾಪಡೆಯ ನಾಯಕ ಯಾರೆಂದರೆ ಗ್ರಾಂಟ್ ಅಂತೆ. 1862ರ ಏಪ್ರಿಲ್ 24ರ ಕತ್ತಲಲ್ಲಿ ಮಿಸಿಸಿಪ್ಪಿ ನದಿಯ ಎರಡು ಕೋಟೆಗಳನ್ನು ದಾಟಿ ಹಡಗು ನುಗ್ಗಿಸಿದವನು ಫ್ಯಾರಗಟ್. ಗ್ರಾಂಟ್ ಭೂಸೇನೆಯವನು. ಫೆಬ್ರುವರಿಯಲ್ಲಿ ಡೊನೆಲ್ಸನ್ ಕೋಟೆ ಹಿಡಿದು, ಏಪ್ರಿಲ್ ಮೊದಲ ವಾರ ಶೈಲೋದಲ್ಲಿ ಸೋಲಿನ ಅಂಚಿಗೆ ಹೋಗಿ ಬಚಾವಾಗಿ, ಆಗಿನ್ನೂ ಟೆನ್ನೆಸಿಯಲ್ಲೇ ಇದ್ದ. ಅವನನ್ನು ಹಡಗು ಹತ್ತಿಸಿದ ಕೀರ್ತಿ ನಮ್ಮ ತಜ್ಞರದ್ದು.

ಆಕ್ಷೇಪಣೆ ಸಲ್ಲಿಸುವುದೇನು ಸುಲಭವೇ? ಒಂದೊಂದು ಪ್ರಶ್ನೆಗೂ ಶುಲ್ಕ, ಗೆದ್ದರೂ ಸೋತರೂ ವಾಪಸಿಲ್ಲ. ಜಾಲತಾಣ ತೆರೆದುಕೊಳ್ಳುವುದು ಮಧ್ಯರಾತ್ರಿಯ ಮೇಲೆ. ಪುಸ್ತಕದ ಪುಟಗಳ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು, ಆ ಅಧಿಕಾರಿ ರಜೆಯಲ್ಲಿ. ಹಳೇ ಬಸ್ ನಿಲ್ದಾಣದಿಂದ ಮಳೆಯಲ್ಲಿ ನೆನೆದುಕೊಂಡು ಕಚೇರಿಗೆ ಹೋದರೆ ಊಟದ ವೇಳೆ. ಊಟ ಮುಗಿದರೆ ಸಭೆ. ಕೊನೆಗೆ ಗುಮಾಸ್ತರು ಕೇಳಿದ್ದು, ಅಮೆರಿಕದ ಜಗಳ ನಿಮಗೇಕೆ ಬೇಕಿತ್ತು ಎಂದು! ಧಾರವಾಡದಲ್ಲಿ ಕುಳಿತು ಕೇಳುವ ಪ್ರಶ್ನೆಯೇ ಇದು? ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ನಿಂತಾಗಲೇ ನಮ್ಮ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದದ್ದು. ಕಾರವಾರ ಬಂದರಿನ ಮೇಲೆ ಹತ್ತಿ ವ್ಯಾಪಾರಿಗಳ ಕಣ್ಣು ಬಿದ್ದಿದ್ದ ಆ ದಿನಗಳಲ್ಲೇ, 1862ರಲ್ಲಿ, ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಇದನ್ನು ಹೇಳಿದರೆ ಮುಂದಿನವರು ಬನ್ನಿ ಎಂದರು.

ಇವರ ಕಾರುಬಾರು ಹೊಸದಲ್ಲ. ಹಿಂದಿನ ಸಲ ಪ್ರವೇಶಪತ್ರದಲ್ಲಿ ಬೇರೆಯವರ ಭಾವಚಿತ್ರ, ಅದರ ಹಿಂದಿನ ಸಲ ಪ್ರಶ್ನೆಪತ್ರಿಕೆಯೇ ಮೊಬೈಲ್‌ಗಳಲ್ಲಿ. ಅತಿಥಿ ಉಪನ್ಯಾಸಕರ ಗೌರವಧನ ಯಾವ ತಿಂಗಳದ್ದು ಯಾವಾಗ ಬರುತ್ತದೆಂದು ಆ ದೇವರಿಗೂ ತಿಳಿಯದು. ಪರೀಕ್ಷಾ ಕೇಂದ್ರದಲ್ಲಿ ಕುಡಿಯಲು ನೀರಿರಲಿಲ್ಲ ಎಂದು ಕೊಟ್ಟ ದೂರಿಗೆ ಇಂದಿಗೂ ಉತ್ತರವಿಲ್ಲ. 1862ರ ಮಾರ್ಚ್ 9ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಉತ್ತರದವರ ಮಾನಿಟರ್ ಮತ್ತು ದಕ್ಷಿಣದವರ ವರ್ಜೀನಿಯಾ ಎಂಬ ಕಬ್ಬಿಣ ಹೊದಿಸಿದ ಯುದ್ಧನೌಕೆಗಳು ಗಂಟೆಗಟ್ಟಲೆ ಹೊಡೆದಾಡಿದರೂ ಒಂದರ ಕಬ್ಬಿಣವನ್ನು ಇನ್ನೊಂದು ಭೇದಿಸಲಾಗಲಿಲ್ಲ. ಅವುಗಳ ಗುಂಡುಗಳು ಈ ಕಚೇರಿಯ ಚರ್ಮದ ಮುಂದೆಯೂ ಸೋಲುತ್ತಿದ್ದವು.

ಕೀ ಉತ್ತರವನ್ನು ಕೂಡಲೇ ತಿದ್ದಬೇಕು, ಇಲ್ಲವೇ ಎಲ್ಲರಿಗೂ ಕೃಪಾಂಕ ಕೊಡಬೇಕು, ಅದೂ ಆಗದಿದ್ದರೆ ನಮ್ಮ ಶುಲ್ಕವನ್ನಾದರೂ ಹಿಂದಿರುಗಿಸಲಿ. ಸಂಬಂಧಪಟ್ಟವರು ಗಮನ ಹರಿಸಲಿ ಎಂದು ಬರೆಯಬೇಕು. ಆದರೆ ಸಂಬಂಧಪಟ್ಟವರು ಯಾರೆಂದು ಆ ಕಚೇರಿಯಲ್ಲೇ ಯಾರೂ ಹೇಳುವುದಿಲ್ಲ. ಸಪ್ತಾಪುರದ ಯಾವ ಕೋಚಿಂಗ್ ಕೇಂದ್ರದ ಹುಡುಗನನ್ನು ಕೇಳಿದ್ದರೂ ಸರಿ ಉತ್ತರ ಹೇಳುತ್ತಿದ್ದ. ನಾಚಿಕೆಯಾಗಬೇಕು ಇವರಿಗೆ.

– ನೊಂದ ಅತಿಥಿ ಉಪನ್ಯಾಸಕ, ಧಾರವಾಡ