ಆ ಮೂರು ಸೊನ್ನೆಗಳು

ಪುಟ್ಟಿ,

ನಾಳೆ ಬೆಳಗ್ಗೆ ನೀನು ಹೊರಡುತ್ತೀಯ. ಎದುರು ಕೂತು ಹೇಳೋಣವೆಂದರೆ ಮೊನ್ನೆಯಿಂದ ನಾವಿಬ್ಬರೂ ನೆಟ್ಟಗೆ ಮಾತಾಡಿಲ್ಲ. ಅದಕ್ಕೆ ಈ ಕಾಗದ.

ನೀನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಯೂನಿವರ್ಸಿಟಿಗೆ ಹೋಗುವ ಮೊದಲು ಕೈ ಪಳಗಲಿ ಅಂತ ನೀನು ನನ್ನ 11 ವರ್ಷದ ಮಳೆ ಪುಸ್ತಕವನ್ನು ಟೈಪ್ ಮಾಡಿ ಪೈಥಾನ್ ಪ್ರೋಗ್ರಾಮಿಗೆ ಹಾಕಿದೆ. ಪಕ್ಕದಲ್ಲಿ ಇಆರ್‌ಎ5ರ, ಅಂದರೆ ಭೂಮಿಯನ್ನು ಚೌಕಗಳಾಗಿ ಹಂಚಿ ಹಳೆಯ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಟ್ಟ ದಾಖಲೆಯ, ಮಳೆ ಗೆರೆ ಎಳೆದೆ. "ಅಮ್ಮಾ, ಈ ಮೂರು ದಿನ ಇಲ್ಲಿ ಜೋರು ಮಳೆ ಇದೆ. ನೀನು ಸೊನ್ನೆ ಬರೆದಿದ್ದೀಯಲ್ಲ?" ಅಂದೆ. ನಾನು ರೇಗಿದೆ. ಅವರ ಒಂದು ಚೌಕ ಸುಮಾರು 31 ಕಿಲೋಮೀಟರ್ ಅಗಲ, ನನ್ನ ಮಳೆಮಾಪಕದ ಬಾಯಿ ಗೇಣಗಲ, ಅಲ್ಲಿ ಸುರಿದದ್ದೆಲ್ಲ ನಮ್ಮ ಹಿತ್ತಲಲ್ಲೂ ಸುರಿಯಬೇಕಾ ಅಂತ ಕೂಗಾಡಿದೆ. ವಾದವೇನೋ ಸರಿ. ನನ್ನ ಬಾಯಲ್ಲಿ ಅದು ಬರೀ ನೆಪ.

ಆ ಮೂರು ದಿನ ನಾನು ಅಳೆಯಲೇ ಇಲ್ಲ.

ಆ ವಾರ ಮನೆಯಲ್ಲಿ ನಡೆದದ್ದು ನಿನಗೂ ನೆನಪಿದೆ, ಬರೆಯಲ್ಲ. ಎರಡು ಬೆಳಗ್ಗೆ ಹಾಸಿಗೆ ಬಿಟ್ಟು ಏಳಲಿಲ್ಲ. ಮೂರನೆಯ ಬೆಳಗ್ಗೆ ಹೋಗಿ ನೋಡಿದರೆ ಒಳಗಿನ ಬಾಟಲಿ ತುಂಬಿ, ನೀರು ಹೊರಗಿನ ಡಬ್ಬಕ್ಕೂ ಇಳಿದಿತ್ತು. ಒಂದು ಸತ್ತ ಇರುವೆ ತೇಲುತ್ತಿತ್ತು. ಎರಡನ್ನೂ ಸೇರಿಸಿ ಅಳೆದು "ಮೂರು ದಿನದ ಒಟ್ಟು" ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಗಾಜಿನ ಅಳತೆ ಕೈಯಲ್ಲೇ ಇತ್ತು. ಎಲ್ಲವನ್ನೂ ಗಿಡದ ಬುಡಕ್ಕೆ ಚೆಲ್ಲಿದೆ. ಒಳಗೆ ಬಂದು 0, 0, 0 ಅಂತ ಬರೆದೆ. ಖಾಲಿ ಬಿಟ್ಟಿದ್ದರೆ ಯಾಕೆ ಅಂತ ಕಾರಣ ಹೇಳಬೇಕಾಗುತ್ತಿತ್ತು. ಸೊನ್ನೆಗೆ ಯಾರೂ ಕಾರಣ ಕೇಳಲ್ಲ. ಇಷ್ಟು ವರ್ಷ ಕೇಳಲೂ ಇಲ್ಲ.

ಸರಾಸರಿ ಹಾಕುವಾಗ ಪಟ್ಟಿಯಲ್ಲಿ ಖಾಲಿ ಮನೆ ಬಂದರೆ, ಪೈಥಾನ್‌ನಲ್ಲಿ ಲೆಕ್ಕ ಮಾಡುವ ಪ್ಯಾಂಡಾಸ್ ಅದನ್ನು ದಾಟಿ ಹೋಗುತ್ತದೆ ಅಂತ ನೀನೇ ತೋರಿಸಿದೆ. ಸೊನ್ನೆಯನ್ನು ಮಾತ್ರ ನಂಬಿಬಿಡುತ್ತದೆ. ಕೆಲವರು ಸಿಗದ ಅಂಕಿಗೆ -9999 ಹಾಕುತ್ತಾರೆ ಅಂದಾಗ, ಮೈನಸ್ ಮಳೆಯಾ ಅಂತ ನಕ್ಕಿದ್ದೆ. ಅವರೇ ವಾಸಿ. ಅದು ಕಣ್ಣಿಗಾದರೂ ಚುಚ್ಚುತ್ತದೆ.

ಅಂಟಾರ್ಕ್ಟಿಕಾದ ಮೇಲೆ ಓಜೋನ್ ಕುಸಿದ ಸುದ್ದಿ 1985ರಲ್ಲಿ ಹೊರಬಂದದ್ದು ನೆಲದ ಮೇಲಿಟ್ಟ ಉಪಕರಣದಿಂದ. ಉಪಗ್ರಹಕ್ಕೂ ಆ ಕಡಿಮೆ ಅಂಕಿಗಳು ಸಿಕ್ಕಿದ್ದವು. ಸಾಫ್ಟ್‌ವೇರ್ ಅವುಗಳಿಗೆ 'ಅನುಮಾನ' ಅಂತ ಗುರುತು ಹಾಕಿತ್ತು. ಆದರೆ ಯಾರೂ ಅಳಿಸಿರಲಿಲ್ಲ, ಅದಕ್ಕೇ ತಿರುಗಿ ನೋಡಲು ಆಯಿತು. ನಾನು ಚೆಲ್ಲಿದ ನೀರನ್ನು ಯಾರು ತಿರುಗಿ ನೋಡಬೇಕು?

ಬುದ್ಧಿ ಹೇಳಬಾರದು ಅಂದುಕೊಂಡೇ ಕೂತೆ, ಆದರೂ ಹೇಳುತ್ತೇನೆ. ಮಷಿನ್ ಲರ್ನಿಂಗ್ ಅಂತ ಓಡಬೇಡ, ಮೊದಲು ಸ್ಟ್ಯಾಟಿಸ್ಟಿಕ್ಸ್ ಗಟ್ಟಿ ಮಾಡಿಕೋ. ಕಾಡು ಗುರುತಿಸುವ ನಿನ್ನ ಮಾಡೆಲ್ 98 ಪರ್ಸೆಂಟ್ ಸರಿ ಅಂತ ಕುಣಿದೆಯಲ್ಲ, ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ 30 ಮೀಟರಿನ ಪಿಕ್ಸೆಲ್‌ಗಳು ಅಕ್ಕಪಕ್ಕದವು ಅವಳಿಗಳ ಹಾಗಿರುತ್ತವೆ. ಒಂದರಿಂದ ಕಲಿಸಿ ಇನ್ನೊಂದರಲ್ಲಿ ಪರೀಕ್ಷೆ ಮಾಡಿದರೆ ಅದು ಕಾಪಿ ಹೊಡೆದ ಹಾಗೆ. ಬೇರೆ ಕಾಡಿನ ಮೇಲೆ ಪರೀಕ್ಷೆ ಮಾಡು. ಪರ್ಸೆಂಟ್ ಇಳಿಯುತ್ತದೆ, ಇಳಿಯಲಿ. ಇಡೀ ದಿನ ಸ್ಕ್ರೀನ್ ಮುಂದೆ ಕೂರಬೇಡ, ಫೀಲ್ಡ್‌ಗೆ ಕರೆದರೆ ಹೋಗು. ನಿದ್ದೆ ಕೆಡಿಸಿಕೊಳ್ಳಬೇಡ. ಸಾಕು, ನೀನು ಈಗಾಗಲೇ ಮುಖ ಗಂಟಿಕ್ಕಿರುತ್ತೀಯ.

ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ದಿನಗಳು. ಅದರಲ್ಲಿ ಸರಿಯಾಗಿ ಆ ಮೂರರ ಮೇಲೆ ಬೆರಳಿಟ್ಟೆಯಲ್ಲ. ಸಿಟ್ಟಿನ ಮಧ್ಯೆಯೂ ನನಗೆ ಹೆಮ್ಮೆಯಾಯಿತು, ಆಗ ಹೇಳಲು ಬಾಯಿ ಬರಲಿಲ್ಲ. ಕೂಗಾಡಿದ್ದಕ್ಕೆ ಕ್ಷಮಿಸು.

ಮಳೆ ಪುಸ್ತಕ ನಿನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಳ ಕೆಳಗಿದೆ. ಆ ಸೊನ್ನೆಗಳನ್ನು ಅಳಿಸಿಲ್ಲ. ಪಕ್ಕದಲ್ಲಿ "ಅಳೆದಿಲ್ಲ" ಅಂತ ಬರೆದು, ಇವತ್ತಿನ ತಾರೀಕು ಹಾಕಿ ಸಹಿ ಮಾಡಿದ್ದೇನೆ. ನಿನ್ನ ಫೈಲಿನಲ್ಲೂ ಆ ಮೂರು ಮನೆ ಖಾಲಿ ಮಾಡು.

ಚಾರ್ಜರ್ ಕೈಚೀಲದಲ್ಲೇ ಇರಲಿ.

ಅಮ್ಮ