ಕ್ಯುಸೆಕ್ ಬೇಡ, ಎಷ್ಟನೇ ಮೆಟ್ಟಿಲೆಂದು ಹೇಳಿ

ಮಾನ್ಯ ಸಂಪಾದಕರೇ,

ಮಳೆ ಜೋರಾಯಿತೆಂದರೆ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಕಡೆ ಒಂದೇ ಬಗೆಯ ಸುದ್ದಿ: ಜಲಾಶಯದಿಂದ ಇಷ್ಟು ಸಾವಿರ ಕ್ಯುಸೆಕ್ ನೀರು ಬಿಡುಗಡೆ, ನದಿಪಾತ್ರದ ಜನರು ಎಚ್ಚರಿಕೆಯಿಂದ ಇರಬೇಕು. ಓದಿದವರಿಗೆ ಗಾಬರಿಯೇನೋ ಆಗುತ್ತದೆ, ಮುಂದೇನು ಮಾಡಬೇಕೆಂದು ಮಾತ್ರ ತೋಚುವುದಿಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ಹತ್ತು ಸಾವಿರ ಕ್ಯುಸೆಕ್ ಎಂದರೆ ಸುಮಾರು 2.8 ಲಕ್ಷ ಲೀಟರ್. ಲೆಕ್ಕ ಹಾಕಿದ್ದಾಯಿತು. ನೀರು ನನ್ನ ಹೊಸ್ತಿಲಿಗೆ ಬರುತ್ತದೆಯೋ ಇಲ್ಲವೋ ಎಂಬುದು ಆಗಲೂ ಗೊತ್ತಾಗಲಿಲ್ಲ. ಅಷ್ಟೇ ನೀರು ನದಿ ಅಗಲವಾಗಿರುವಲ್ಲಿ ಹರಡಿಕೊಂಡು ಹೋಗುತ್ತದೆ, ಇಕ್ಕಟ್ಟಾದಲ್ಲಿ ಆಳೆತ್ತರ ಏರುತ್ತದೆ.

ನಮಗೆ ಬೇಕಾದದ್ದು ಬೇರೆ. ನೀರು ದಂಡೆಯ ಎಷ್ಟನೇ ಮೆಟ್ಟಿಲಿಗೆ ಬರುತ್ತದೆ? ತಗ್ಗಿನ ಸೇತುವೆ ಎಷ್ಟು ಗಂಟೆಗೆ ಮುಳುಗಬಹುದು? ನೀರಿನ ಮಟ್ಟವನ್ನು ವರ್ಷಗಟ್ಟಲೆ ಅಳೆದು ಬರೆದಿಟ್ಟವರಿಗೆ ಇದನ್ನು ಅಂದಾಜು ಮಾಡಿ ಹೇಳುವುದು ಆಗದ ಕೆಲಸವಲ್ಲ.

ನನ್ನ ಅಜ್ಜಿ ಮಳೆಗಾಲದ ಸಂಜೆ ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚಿ ಬರುತ್ತಿದ್ದರು. ಅಡುಗೆ ಮುಗಿಸಿ ಲಾಟೀನು ಹಿಡಿದು ಮತ್ತೆ ಹೋಗುವ ಹೊತ್ತಿಗೆ ಕಡ್ಡಿ ಕಾಣದಿದ್ದರೆ, ಯಾರನ್ನೂ ಕೇಳದೆ ದನಗಳ ಹಗ್ಗ ಬಿಚ್ಚುತ್ತಿದ್ದರು. ಕಡ್ಡಿ ಮುಳುಗಿದರೆ ಹಗ್ಗ ಬಿಚ್ಚು ಎನ್ನುವಷ್ಟು ನೇರವಾದ ಸಂದೇಶ ನನ್ನ ಮೊಬೈಲಿಗೆ ಈವರೆಗೆ ಬಂದಿಲ್ಲ. ಬಂದರೂ, ರಾತ್ರಿ ಕರೆಂಟು ಹೋಗಿ ಮೊಬೈಲು ಸತ್ತಿದ್ದರೆ ಓದುವವರು ಯಾರು? ಸೈರನ್ನು, ಧ್ವನಿವರ್ಧಕ ಹೊತ್ತ ಜೀಪು ಹಳೆಯ ಕಾಲದವು ಎಂದು ಮೂಲೆಗೆ ಸೇರಿಸಬಾರದು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಮಳೆ ನಿಂತ ಕೂಡಲೇ ಜನ ಹೊಳೆ ನೋಡಲು ಹೊರಡುತ್ತಾರೆ. ಆದರೆ ಮೇಲೆಲ್ಲೋ ಸುರಿದ ಮಳೆಯ ನೀರು ಕೆಳಗೆ ಬರಲು ಗಂಟೆಗಳೇ ಹಿಡಿಯುತ್ತವೆ; ನೆತ್ತಿಯ ಮೇಲೆ ಬಿಸಿಲಿರುವಾಗಲೇ ಹೊಳೆ ಏರಬಹುದು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬರತೊಡಗಿದರೆ, ಫೋಟೊ ಅರ್ಧಕ್ಕೆ ಬಿಟ್ಟು ದಡದ ಮೇಲಕ್ಕೆ ಹತ್ತಬೇಕು.

ಕಳೆದ ಮಳೆಗಾಲದಲ್ಲಿ ಮುಳುಗಿದ ಸೇತುವೆಯೊಂದರ ಬಳಿ ಬೈಕ್ ಸವಾರನೊಬ್ಬ ‘ಮೊಣಕಾಲಿಗೂ ಬರುವುದಿಲ್ಲ ಬಿಡಿ’ ಎಂದು ನೀರಿಗೆ ಇಳಿದ. ನಾಲ್ಕು ಮಾರು ಹೋಗುವುದರೊಳಗೆ ಹಿಂದಿನ ಚಕ್ರ ಓರೆಯಾಗಿ ಸರಿಯಿತು. ಅವನು ಬೈಕ್ ಕೈಬಿಟ್ಟು ಕಂಬಿ ಹಿಡಿದುಕೊಂಡಿದ್ದರಿಂದ ಬದುಕಿದ, ಬೈಕ್ ಹೋಯಿತು. ರಭಸವಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು, ಎರಡು ಅಡಿ ಇದ್ದರೆ ಬಹುತೇಕ ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅದಲ್ಲದೆ, ಆ ಕೆಸರು ನೀರಿನ ಕೆಳಗೆ ರಸ್ತೆ ಇನ್ನೂ ಉಳಿದಿದೆಯೇ ಎಂದು ಕಂಡವರಾರು?

ಇಂತಹ ಸವಾರ ದಾಟಿ ಬಂದ ದಿನ ‘ಸಾಹಸ’ ಎಂಬ ಶೀರ್ಷಿಕೆಯಡಿ ಅವನ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಈ ಮಳೆಗಾಲದಲ್ಲಿ ಆ ಜಾಗವನ್ನು ಮುಳುಗುವ ಸೇತುವೆಗಳ ಹೆಸರು, ಬಳಸಿ ಹೋಗುವ ದಾರಿ, ನೀರು ತಲುಪುವ ಅಂದಾಜು ಗಂಟೆ ಇವಿಷ್ಟಕ್ಕೆ ಕೊಡುವಿರಾ?

ಇತಿ,
ನದಿದಂಡೆಯ ಓದುಗ