ತಿರುವಿನಲ್ಲೇ ಬಸ್ ತಂಗುದಾಣ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಮುಖ್ಯರಸ್ತೆಯ ಬಸ್ ತಂಗುದಾಣವು ತಿರುವಿನ ಅಂಚಿನಲ್ಲೇ ಇದ್ದು, ಅದರ ಮುಂದೆ ಸದಾ ಕಾರು, ಆಟೊಗಳು ನಿಂತಿರುವುದರಿಂದ ಬಸ್ಸು ರಸ್ತೆಯ ನಡುವೆಯೇ ನಿಲ್ಲಬೇಕಾಗುತ್ತದೆ. ಇಳಿದವರು ಬಸ್ಸಿನ ಮುಂಭಾಗದಿಂದಲೇ ರಸ್ತೆ ದಾಟಲು ಹೊರಡುತ್ತಾರೆ. ಬಸ್ಸನ್ನು ಹಿಂದಿಕ್ಕಿ ಬರುವ ಬೈಕ್ ಸವಾರರಿಗೆ ಅವರು ಕಾಣುವುದು ಕೊನೆಯ ಗಳಿಗೆಯಲ್ಲಿ. ಕಳೆದ ವಾರ ಶಾಲಾ ಬಾಲಕಿಯೊಬ್ಬಳು ಹೀಗೆಯೇ ಎರಡು ಹೆಜ್ಜೆ ಮುಂದಿಟ್ಟು, ಹಾರ್ನ್ ಸದ್ದಿಗೆ ಬೆಚ್ಚಿ ಹಿಂದೆ ಸರಿಯುವಷ್ಟರಲ್ಲಿ ಬೈಕಿನ ಹ್ಯಾಂಡಲ್ ಆಕೆಯ ಚೀಲಕ್ಕೆ ತಗುಲಿತ್ತು.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ವಾಹನ ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಕ್ರಮಿಸುತ್ತದೆ. ವೇಗ 30 ಕಿ.ಮೀ. ಇದ್ದರೆ ಅದು ಸುಮಾರು 8 ಮೀಟರ್. ಪಾದಚಾರಿಗಳೂ ವಾಹನಗಳೂ ಒಟ್ಟಿಗೆ ಓಡಾಡುವೆಡೆ 30 ಕಿ.ಮೀ. ಮಿತಿ ಇರಬೇಕೆಂದು ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ಇಲ್ಲಿ ವೇಗಮಿತಿಯ ಫಲಕವೇ ಇಲ್ಲ, ಜೀಬ್ರಾ ಪಟ್ಟೆ ಅಳಿಸಿಹೋಗಿದೆ. ಇರುವ ಒಂದು ರಸ್ತೆ ಉಬ್ಬಿಗೂ ಬಣ್ಣವಿಲ್ಲದೆ, ರಾತ್ರಿ ಅದೇ ಅಪಾಯಕಾರಿಯಾಗಿದೆ (ಅದನ್ನು ಹಾಕಿಸಲು ಅರ್ಜಿ ಕೊಟ್ಟವರೂ ನಾವೇ ಎಂಬುದು ಬೇರೆ ಮಾತು).

ತಂಗುದಾಣವನ್ನು ತಿರುವಿನಿಂದ ದೂರ ಸರಿಸಿ, ಅಲ್ಲಿ ವಾಹನ ನಿಲುಗಡೆ ನಿಷೇಧಿಸಿ, ಜೀಬ್ರಾ ಪಟ್ಟೆಯನ್ನು ನಿಂತ ಬಸ್ಸಿನ ಹಿಂಬದಿಗೆ ಬರುವಂತೆ ಬಳಿಯಬೇಕೆಂದು ಸಂಬಂಧಪಟ್ಟ ಅಧಿಕಾರಿಗಳಲ್ಲಿ ಕೋರುತ್ತೇನೆ.

– ಬಡಾವಣೆಯ ನಿವಾಸಿ